ಒಬ್ಬಾಕಿಗ ಎಷ್ಟ?

ಭಾಂಡುಪ್‌ನ ಗುಡ್ಡದ ಮೇಲಿದ್ದ ನಮ್ಮ ಚಾಳಿನ ಖೋಲಿಯಲ್ಲಿ ನೆಲದ ಮೇಲಿಟ್ಟ ಯಾವುದನ್ನೂ ಮರೆಯಲು ಆಗುತ್ತಿರಲಿಲ್ಲ. ಅದನ್ನು ದಾಟಿಕೊಂಡೇ ಓಡಾಡಬೇಕಿತ್ತು. ಬಾಗಿಲ ಎಡಕ್ಕೆ ಮೋರಿ, ಅಂದರೆ ಸ್ನಾನಕ್ಕೂ ಪಾತ್ರೆ ತೊಳೆಯುವುದಕ್ಕೂ ಇದ್ದ ಒಂದೇ ಮೂಲೆ. ಅದರ ಪಕ್ಕ ಕಡಪಾ ಕಲ್ಲಿನ ಕಟ್ಟೆ, ಗ್ಯಾಸ್ ಒಲೆ. ಎದುರು ಗೋಡೆಗೆ ಕಬ್ಬಿಣದ ಕಪಾಟು, ಅದರ ನೆತ್ತಿಯ ಮೇಲೆ ಹಾಸಿಗೆಗಳ ಸುರುಳಿ. ಅರ್ಧ ಖೋಲಿಯನ್ನು ಮುಚ್ಚುವ ಹಲಗೆಯ ಅಟ್ಟದ ಮೇಲೆ ಅಪ್ಪ ಹಗಲು ಮಲಗುತ್ತಿದ್ದ. ಅವನ ಪಾದಗಳು ಅಂಚಿನಿಂದ ಈಚೆಗೆ ಚಾಚಿರುತ್ತಿದ್ದವು. ಅಡುಗೆ ಮಾಡುವಾಗ ಅವ್ವ ತಲೆ ಬಗ್ಗಿಸಿ ಅವುಗಳನ್ನು ತಪ್ಪಿಸಿಕೊಳ್ಳುತ್ತಿದ್ದಳು. ನಾನು ಶಾಲೆಯ ನಾಲ್ಕನೆಯ ಇಯತ್ತೆಯಲ್ಲಿದ್ದ ವರ್ಷ, ಒಂದು ಮಂಗಳವಾರ ಬೆಳಿಗ್ಗೆ, ಅವ್ವ ನೀಲಿ ರೆಕ್ಸಿನ್ ಚೀಲ ತುಂಬಿ ಹೊಸ್ತಿಲ ಒಳಗಡೆ ಇಟ್ಟಳು. ಗುರುವಾರದವರೆಗೆ ಅದು ಅಲ್ಲಿಂದ ಕದಲಲಿಲ್ಲ. ನಲ್ಲಿಯ ನೀರಿಗೆ ಹೋಗುವಾಗ ದಾಟಿದೆವು, ಶಾಲೆಗೆ ಹೋಗುವಾಗ ದಾಟಿದೆವು, ಬಂದು ದಾಟಿದೆವು. ಆರು ವರ್ಷದ ತಮ್ಮ ಬಸು ಅದನ್ನು ಕುದುರೆ ಮಾಡಿಕೊಂಡು ಹತ್ತಿದ. ಆ ಎರಡು ದಿನಗಳಲ್ಲಿ ನಾನು ಮಾಡಿದ ಒಂದು ಲೆಕ್ಕದ ಬಗ್ಗೆ ಬರೆಯಬೇಕೆಂದು ಕೂತಿದ್ದೇನೆ. ಇದುವರೆಗೆ ಯಾರಿಗೂ ಹೇಳಿಲ್ಲ.

ಅಪ್ಪ ಮುಲುಂಡಿನ ಒಬ್ಬ ಶೇಠನ ದೊಡ್ಡ ಬಿಳಿ ಗಾಡಿ ಓಡಿಸುತ್ತಿದ್ದ. ಸಾಂತಾಕ್ರೂಜ್‌ನ ಹೊಟೆಲುಗಳಿಂದ ವಿಮಾನ ನಿಲ್ದಾಣಕ್ಕೆ ಗಿರಾಕಿಗಳನ್ನು ಒಯ್ಯುವುದು, ತರುವುದು ಅವನ ಕೆಲಸ. ವರ್ಷಕ್ಕೊಮ್ಮೆ ಇಂಡಿ ತಾಲೂಕಿನ ನಮ್ಮ ಊರಿಗೆ ಹೋಗುವಾಗ ಶೇಠ ಆ ಗಾಡಿಯನ್ನು ಮೂರು ದಿನಕ್ಕೆ ಕೊಡುತ್ತಿದ್ದ. ಬಾಡಿಗೆ, ಡೀಸೆಲ್, ಟೋಲ್ ಎಲ್ಲ ನಮ್ಮದು. ಹಾಗೆ ನೋಡಿದರೆ ಅದು ನಮ್ಮಂಥವರು ಹತ್ತುವ ಗಾಡಿಯಲ್ಲ. ಆದರೆ ಅಪ್ಪನನ್ನು ಬಿಟ್ಟು ಅದರಲ್ಲಿ ಏಳು ಮಂದಿ ಕೂರಬಹುದಿತ್ತು. ಬಸುವನ್ನು ಅವ್ವ ತೊಡೆಯ ಮೇಲೆ ಕೂರಿಸಿಕೊಂಡರೆ ನಮ್ಮ ಮನೆಯ ಪಾಲು ಎರಡೇ ಸೀಟು. ಉಳಿದ ಐದಕ್ಕೆ ಅಪ್ಪ ನಮ್ಮ ಕಡೆಯ ಮಂದಿಯನ್ನು ಹುಡುಕುತ್ತಿದ್ದ: ಕಟ್ಟಡಗಳಲ್ಲಿ ನೆಲಕ್ಕೆ ಫರ್ಶಿ ಹಾಕುವವರು, ವಾಚಮನ್‌ಗಳು, ಹೊಟೆಲಿನವರು. ಸೀಟಿಗೆ ನಾಲ್ಕು ನೂರು, ಮನೆಯ ಬಾಗಿಲಿಗೆ ಇಳಿಸಿಕೊಡುವುದು. ರೈಲಿಗಿಂತ ತುಸು ಹೆಚ್ಚಾದರೂ ಸೊಲ್ಲಾಪುರದಲ್ಲಿ ಇಳಿದು ಬಸ್ಸಿಗೆ ಹೊಡೆದಾಡುವುದು ತಪ್ಪುತ್ತಿತ್ತಲ್ಲ, ಮಂದಿ ಒಪ್ಪುತ್ತಿದ್ದರು. ಖಾಲಿ ಸೀಟನ್ನು ಹಿಂದೆ ಕಟ್ಟಿಕೊಂಡು ಹೋಗುವುದೆಂದರೆ ಅಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಖಾಲಿ ಸೀಟ ಅಂದ್ರ ಹರದ ಕಿಸೆ, ಸುವ್ವಿ. ನೀ ನಡಕೋತ ಹೊಂಟಿರ್ತಿ, ಅದು ಉದರಕೋತ ಬರತೈತಿ."

ಸುವರ್ಣಾ ಎಂಬ ನನ್ನ ಹೆಸರನ್ನು ಮನೆಯಲ್ಲಿ ಯಾರೂ ಪೂರ್ತಿ ಕರೆಯುತ್ತಿರಲಿಲ್ಲ. ಅಪ್ಪ ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು, ಅವ್ವ ಶಾಲೆಯ ಮುಖ ನೋಡದವಳು. ನಾನು ವರ್ಗಕ್ಕೆ ಮೊದಲಿಗಳು. ಹೀಗಾಗಿ ಊರಿಗೆ ಹೋಗುವ ಲೆಕ್ಕ ಎರಡು ವರ್ಷದಿಂದ ನನ್ನ ಕೈಗೆ ಬಂದಿತ್ತು. ಗಣಿತದ ವಹಿಯ ಕೊನೆಯ ಹಾಳೆಯಲ್ಲಿ ನಡುವೆ ಗೆರೆ ಎಳೆದು ಒಂದು ಕಡೆ 'ರೈಲು', ಇನ್ನೊಂದು ಕಡೆ 'ಗಾಡಿ' ಎಂದು ಬರೆಯುತ್ತಿದ್ದೆ. ರೈಲಿನ ಕೆಳಗೆ ಅಪ್ಪ ಅವ್ವನದು ಪೂರ್ತಿ, ನಮ್ಮಿಬ್ಬರದು ಅರ್ಧ. ಮೇಲೆ ಬಸ್ಸು, ಲೋಕಲ್, ಚಹಾ. ಹೋಗಲು ನಾಲ್ಕು ಮಂದಿಗೆ ಎಂಟುನೂರ ಐವತ್ತು. ಗಾಡಿಯ ಕೆಳಗೆ ಒಂದು ಕಡೆಗೆ ಎರಡು ಸಾವಿರದ ನೂರು. ಅದರಲ್ಲಿ ಮಾರಿದ ಸೀಟು ಕಳೆಯುತ್ತ ಹೋಗಬೇಕು. ಮೂರು ಸೀಟು ತುಂಬಿದರೆ ಗಾಡಿ ಹೆಚ್ಚುಕಡಿಮೆ ರೈಲಿಗೆ ಸಮ. ನಾಲ್ಕನೆಯದು ತುಂಬಿದರೆ ರೈಲಿಗಿಂತ ಅಗ್ಗ. ಐದೂ ತುಂಬಿದರೆ ನಮ್ಮ ಇಡೀ ಮನೆ ನೂರು ರೂಪಾಯಿಗೆ ಊರು ಸೇರಿದಂತೆ. ಮಂದಿ ಹೆಚ್ಚಾದಷ್ಟೂ ಗಾಡಿ ಸಸ್ತಾ ಆಗುತ್ತದೆ, ರೈಲು ಎಷ್ಟು ಮಂದಿಗಾದರೂ ತಲೆಗೆ ಅಷ್ಟೇ. ಇದನ್ನು ನಾನೇ ಕಂಡುಹಿಡಿದಂತೆ ಬೀಗುತ್ತಿದ್ದೆ. ಅಪ್ಪ ಆ ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟು ಗಾಡಿಯ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದ.

ಅವ್ವನಿಗೆ ರೈಲೇ ಇಷ್ಟ. ರೈಲಿನಲ್ಲಿ ಅವಳು ಬೇರೆ ಹೆಂಗಸಾಗುತ್ತಿದ್ದಳು. ಕಾಲು ಮಡಚಿ ಕೂತು ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ಶೇಂಗಾ ಹಿಂಡಿ, ಪುಂಡಿಪಲ್ಯ, ಗಟ್ಟಿ ಮೊಸರು ಎದುರಿನವರ ಕೈಗೂ ಹೋಗುತ್ತಿದ್ದವು. ಭಾಂಡುಪ್‌ನಲ್ಲಿ ದಿನಕ್ಕೆ ಹತ್ತು ಮಾತಾಡದವಳು ಅಲ್ಲಿ ಗುರುತಿಲ್ಲದವರ ಮಗಳ ಮದುವೆಯ ಮಾತನ್ನೂ ಮುಗಿಸಿ ಇಳಿಯುತ್ತಿದ್ದಳು. ಗಾಡಿಯಲ್ಲಿ ಅವಳಿಗೆ ವಾಂತಿ. ಪುಣೆಯ ಘಾಟು ಹತ್ತುವಾಗ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದಳು. ನನಗೆ ಮಾತ್ರ ರೈಲು ಬೇಡವಾಗಿತ್ತು. ಹಿಂದಿನ ವರ್ಷ ಗಾಡಿಯ ಸೀಟು ತುಂಬದೆ, ರೈಲಿಗೆ ರಿಸರ್ವೇಶನ್ನೂ ಸಿಗದೆ ಕಲ್ಯಾಣದಲ್ಲಿ ಜನರಲ್ ಡಬ್ಬಿ ಹತ್ತಿದ್ದೆವು. ನಾನು ಅವ್ವನ ಕೈತಪ್ಪಿ ಪಾಯಖಾನೆಯ ಬಾಗಿಲ ಬಳಿ, ದೊಡ್ಡವರ ಸೊಂಟಗಳ ನಡುವೆ, ದೌಂಡ್ ಬರುವತನಕ ನಿಂತಿದ್ದೆ. ಬಾಗಿಲು ಅಲ್ಲೇ ಇದ್ದರೂ ಒಳಗೆ ಮಂದಿ ಕೂತಿದ್ದರು, ತೆರೆಯಲಾಗಲಿಲ್ಲ. ನನ್ನ ಲಂಗ ಒದ್ದೆಯಾಯಿತು. ಯಾರೋ ನಕ್ಕರು. ಅವ್ವ ಸಿಕ್ಕಾಗ ಏನೂ ಕೇಳದೆ ತನ್ನ ಶಾಲು ಸುತ್ತಿದಳು. ಆ ನಗುವನ್ನು ಮಾತ್ರ ನಾನು ಮನೆಗೆ ತಂದೆ.

ಆಯಿ ಅಂದರೆ ಅವ್ವನ ಅವ್ವ. ಊರಲ್ಲಿ ಅವ್ವನ ತಮ್ಮ ಮಾಮಾನ ಮನೆಯಲ್ಲಿದ್ದಳು, ಸೊಸೆ ಮೊಮ್ಮಕ್ಕಳ ನಡುವೆ, ಜೋರಾಗಿಯೇ ಇದ್ದಳು. ಒಂದೇ ಒಂದು ಸಲ ಭಾಂಡುಪ್‌ಗೆ ಬಂದು ಹದಿನೈದು ದಿನ ನಮ್ಮೊಡನೆ ಇದ್ದದ್ದುಂಟು. ನಮ್ಮ ಖೋಲಿಯನ್ನು ನೋಡಿ, "ಇದೇನ ಮನೀನೋ ಪೆಟಗೀನೋ" ಅಂದಿದ್ದಳು. ಅಟ್ಟದಿಂದ ಚಾಚಿದ ಅಳಿಯನ ಪಾದ ತಲೆಗೆ ತಗುಲಿದಾಗ, "ಅಳಿಯಾ ದೊಡ್ಡಾಂವ ಅಂತ ಗೊತ್ತಿತ್ತು, ಇಷ್ಟ ಉದ್ದ ಅಂತ ಗೊತ್ತಿರಲಿಲ್ಲ" ಅಂದು, ನಿದ್ದೆಯಲ್ಲಿದ್ದ ಅಪ್ಪನೂ ನಗುವ ಹಾಗೆ ಮಾಡಿದ್ದಳು. ಹೊರಡುವ ದಿನ ಬಾಗಿಲಲ್ಲಿ ಕೂತು ಅವ್ವನ ಜಡೆ ಹಾಕುತ್ತ ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ.

"ನೋಡ ಶಿವವ್ವಾ, ನಾ ಹೋಗೂ ಮುಂದ ನನ್ನ ಬಾಯಾಗ ನೀ ನೀರ ಬಿಡಬೇಕು. ಸೊಸಿ ಬಿಟ್ಟ ನೀರ ನನ್ನ ಗಂಟಲಾಗ ಇಳಿಯೂದಿಲ್ಲ."

"ಏನ ಮಾತಂತ ಆಡ್ತೀಬೇ ಯವ್ವಾ. ಆಕೀನ ನಿನ್ನ ಹೇಲು ಉಚ್ಚಿ ಬಳಿಯೂದು."

"ಬಳೀಲಿ. ಅದು ಆಕೀ ಕೆಲಸ. ನೀರು ನಿನ್ನ ಕೆಲಸ."

ಅವ್ವ ನಕ್ಕಳು. ಆದರೆ ತಲೆಯಾಡಿಸಿದಳು. ಹಿಂದಿನಿಂದ ಜಡೆ ಹಿಡಿದಿದ್ದ ಆಯಿಗೆ ಆ ತಲೆಯಾಡಿಸಿದ್ದು ಕೈಗೇ ತಿಳಿದಿರಬೇಕು.

ಆ ಮಂಗಳವಾರ ಬೆಳಿಗ್ಗೆ ಅಪ್ಪನ ಮೊಬೈಲಿಗೆ ಮಾಮಾನ ಫೋನು ಬಂತು. ಅಪ್ಪ ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಹಲ್ಲು ಉಜ್ಜುತ್ತಿದ್ದ. ಫೋನನ್ನು ಅವ್ವನ ಕಿವಿಗೆ ಹಿಡಿದ. ಖೋಲಿ ಎಷ್ಟು ಸಣ್ಣದೆಂದರೆ ಮಾಮಾನ ದನಿ ನಮಗೆಲ್ಲ ಕೇಳಿತು.

"ಅಕ್ಕಾ, ಅವ್ವ ಗಂಜೀನೂ ಒಲ್ಲಂತಾಳ. ಚಮಚಾದಾಗ ನೀರ ಅಷ್ಟ. ಡಾಕ್ಟರ್ ಕೈ ಬಿಟ್ಟಾನ. ನಿನ್ನ ಹೆಸರ ತಗೊಳಾಕತ್ತಾಳ. ಲಗೂನ ಬಾ."

ಅವ್ವ ಅಳಲಿಲ್ಲ. ಕಪಾಟು ತೆರೆದು ಚೀಲ ತುಂಬತೊಡಗಿದಳು. ಎರಡು ಸೀರೆ, ನಮ್ಮ ಬಟ್ಟೆ, ವಿಭೂತಿಯ ಗಟ್ಟಿ. ಕೊನೆಗೆ ಸಣ್ಣ ಬೆಳ್ಳಿಯ ಒಳಲೆ, ಬಸು ಹುಟ್ಟಿದಾಗ ಆಯಿ ಅವನಿಗೆ ಹಾಲು ಕುಡಿಸಲು ಕೊಟ್ಟದ್ದು. ಅದನ್ನು ಸೀರೆಯ ಮಡಿಕೆಯೊಳಗೆ ಇಟ್ಟಳು. ಯಾಕೆಂದು ನಾನು ಕೇಳಲಿಲ್ಲ. ಗೊತ್ತಿತ್ತು.

"ಸಂಜೀಕ ಕಲ್ಯಾಣದಾಗ ರೈಲ ಐತಲ್ರಿ," ಅವ್ವ ಅಂದಳು. "ಜನರಲ್ ಡಬ್ಬ್ಯಾಗ ಹೋಗೂನು."

ಅಪ್ಪ ಹಲ್ಲುಪುಡಿಯ ಬಾಯಲ್ಲೇ ನನ್ನ ಕಡೆ ನೋಡಿದ. "ಸುವ್ವಿ, ಪಟ್ಟಿ ತಗಿ."

ತೆಗೆದೆ. ಅಪ್ಪ ಬಾಯಿ ತೊಳೆದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. ನಾಲ್ಕು ಮಂದಿ ರೈಲಿಗೆ ಹೋದರೆ ಹೋಗಿಬರಲು ಸಾವಿರದ ಏಳುನೂರು. ಅದು ತಿಂಗಳ ಕೊನೆ. ಅವನ ಕೈಯಲ್ಲಿ ಅಷ್ಟಿರಲಿಲ್ಲ. ಶೇಠನಿಂದ ಮುಂಗಡವಾಗಿ ಎತ್ತಿದ್ದ ಉಚಲಿಯೂ ತೀರಿರಲಿಲ್ಲ. ಗಾಡಿ ಕೇಳಿದರೆ ಶೇಠ ಕೊಟ್ಟಾನು, ಬಾಡಿಗೆ ಮುಂದಿನ ಪಗಾರದಲ್ಲಿ ಮುರಿದುಕೊಂಡಾನು. ಡೀಸೆಲ್ ಸಾಲಕ್ಕೆ ಹಾಕಿಸಿ, ಸೀಟಿನ ರೊಕ್ಕ ಬಂದ ಮೇಲೆ ತೀರಿಸಬಹುದು. ಅಪ್ಪ ಕೆಟ್ಟವನಾಗಿರಲಿಲ್ಲ. ಅವನು ತನಗೆ ಗೊತ್ತಿದ್ದ ಒಂದೇ ದಾರಿಯಲ್ಲಿ ಹೆಂಡತಿಯನ್ನು ತವರಿಗೆ ಮುಟ್ಟಿಸಲು ನೋಡುತ್ತಿದ್ದ. ಅಟ್ಟ ಹತ್ತದೆ, ನಿದ್ದೆಗೆಟ್ಟ ಕಣ್ಣಲ್ಲೇ ಅಂಗಿ ಹಾಕಿಕೊಂಡು ಹೊರಬಿದ್ದ.

ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ದಾರಿಗೆಂದು. ಕೈಗೆ ಕೆಲಸ ಬೇಕಿತ್ತು ಅವಳಿಗೆ. ಬಸು ಚೀಲದ ಮೇಲೆ ಕೂತು "ಚಲೋ ಘೋಡಾ" ಎಂದು ಒದೆಯುತ್ತಿದ್ದ. ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಸೊಂಟದ ಚಂಚಿ ಬಿಚ್ಚಿದಳು. ಪಕ್ಕದ ಗಲ್ಲಿಯ ಕಾರಖಾನೆಯಿಂದ ಬರುವ ಅಂಗಿಗಳ ದಾರದ ತುದಿ ಕತ್ತರಿಸಿ ಅವಳು ಗಳಿಸಿದ್ದ ರೊಕ್ಕ ಅದರಲ್ಲಿತ್ತು. ಅಪ್ಪ ಅದನ್ನು ಎಂದೂ ಕೇಳಿರಲಿಲ್ಲ. ಅವಳು ನೋಟುಗಳನ್ನು ನನ್ನ ಮುಂದೆ, ಪಟ್ಟಿಯ ಪಕ್ಕ, ಒಂದೊಂದಾಗಿ ಹರವಿದಳು. ಮೂರು ನೂರರವು, ನಾಲ್ಕು ಹತ್ತರವು.

"ಸುವ್ವಿ, ನಾ ಒಬ್ಬಾಕೇ ರೈಲಿಗೆ ಹೋದ್ರ ಎಷ್ಟಾಗತೈತಿ? ಒಬ್ಬಾಕಿಗ ಎಷ್ಟ? ಇದರಾಗ ಆಗತೈತೇನು?"

ಅವಳ ದನಿ ತಗ್ಗಿತ್ತು. ಅವಳು ಎಂದೂ ಒಬ್ಬಳೇ ಮುಲುಂಡಿಗೂ ಹೋದವಳಲ್ಲ. ಟಿಕೇಟು ತೆಗೆಸಿದವಳಲ್ಲ. ಆ ಮಾತನ್ನು ಕೇಳಲು ಅವಳಿಗೆ ಇಡೀ ಬೆಳಗು ಹಿಡಿದಿತ್ತು ಅನಿಸುತ್ತದೆ. ನನಗೆ ಲೆಕ್ಕ ಹಾಕಬೇಕಾಗಿಯೂ ಇರಲಿಲ್ಲ. ಒಬ್ಬರ ದರ ಪಟ್ಟಿಯ ಮೊದಲ ಸಾಲಿನಲ್ಲೇ ಇತ್ತು: ರಿಸರ್ವೇಶನ್ ಹಿಡಿದರೂ, ಬಸ್ಸು ಸೇರಿಸಿದರೂ, ಇನ್ನೂರ ಅರವತ್ತೈದು. ಜನರಲ್ ಆದರೆ ಇನ್ನೂ ಕಡಿಮೆ. ಅವಳ ಮುಂದೆ ಮುನ್ನೂರ ನಲವತ್ತು ಇತ್ತು.

ನಾನು ಎರಡು ವಿಷಯ ಯೋಚಿಸಿದೆ. ಯೋಚಿಸಿದೆ ಎಂದೇ ಬರೆಯಬೇಕು. ಗೊತ್ತಿಲ್ಲದೆ ಆಯಿತು ಎನ್ನಲಾರೆ. ಒಂದು, ಅವ್ವ ಹೋದರೆ ಈ ಖೋಲಿಯಲ್ಲಿ ಬಸು, ನಾನು, ಅಟ್ಟದಿಂದ ಚಾಚಿದ ಅಪ್ಪನ ಪಾದ. ಸಂಜೆಯಾದ ಮೇಲೆ ಅಪ್ಪ ಡ್ಯೂಟಿಗೆ ಹೋದರೆ ಬಾಗಿಲ ಚಿಲಕ ಹಾಕಿಕೊಂಡು ನಾವಿಬ್ಬರೇ. ಎರಡು, ನಾನೂ ಬರುತ್ತೇನೆಂದು ಹಟ ಹಿಡಿದರೆ ಮತ್ತೆ ಜನರಲ್ ಡಬ್ಬಿ, ಆ ಬಾಗಿಲು, ಆ ನಗು. ಗಾಡಿಯಲ್ಲಾದರೆ ಕಿಟಕಿ.

"ಆಗೂದಿಲ್ಲವ್ವಾ," ಎಂದೆ. ಪೆನ್ಸಿಲಿನಿಂದ ಗಾಡಿಯ ಕಡೆಯ ಅಂಕಿಗಳನ್ನು ತೋರಿಸಿದೆ. "ಒಬ್ಬಾಕಿ ಹೋದ್ರ ದುಬಾರಿ ಬೀಳತೈತಿ. ಮಂದಿ ಹೆಚ್ಚಾದಂಗ ಸಸ್ತಾ. ನೋಡ ಇಲ್ಲಿ, ಎರಡು ಸಾವಿರದ ನೂರು."

ಅದು ಗಾಡಿಗೆ ನಿಜವಾಗಿತ್ತು. ಅವಳು ಕೇಳಿದ್ದು ರೈಲು.

ಅವ್ವ ಹಾಳೆಯನ್ನು ನೋಡಿದಳು. ಅವಳಿಗೆ ನೋಟಿನ ಮೇಲಿನ ಅಂಕಿ ಗೊತ್ತಾಗುತ್ತಿತ್ತು, ನೋಟಿನ ಬಣ್ಣದಿಂದ. ನನ್ನ ವಹಿಯಲ್ಲಿ ಬಣ್ಣವಿರಲಿಲ್ಲ. "ಹೌದಾ?" ಅಂದಳು. "ಬಸ್ಸಿನ್ಯಾಗ ಹಂಗ ಇರೂದಿಲ್ಲಲಾ. ರೈಲಿನ್ಯಾಗ ಹಂಗ ಇರತೈತೇನೋ. ಶಾಲಿ ಕಲತಾಕಿ ನೀ, ನಿನಗ ಗೊತ್ತ." ನೋಟುಗಳನ್ನು ಮತ್ತೆ ಒಂದೊಂದಾಗಿ ಮಡಚಿ ಚಂಚಿಯಲ್ಲಿ ತುರುಕಿ ದಾರ ಎಳೆದಳು. ಒಲೆಯ ಮೇಲಿನ ರೊಟ್ಟಿ ಸೀದಿತ್ತು. ಅದನ್ನು ತೆಗೆದು ತನ್ನ ತಟ್ಟೆಗೆ ಹಾಕಿಕೊಂಡಳು.

ಸಂಜೆಯೊಳಗೆ ಅಪ್ಪ ಮೂರು ಸೀಟು ಹಿಡಿದು ಬಂದ. ನಮ್ಮ ಚಾಳಿನ ಕೆಳಗಿದ್ದ ಸಿದ್ದಪ್ಪ ಮುತ್ಯಾ, ವಾಚಮನ್ ಕೆಲಸ ಬಿಟ್ಟು ಊರಿಗೆ ಮರಳುವ ಮುದುಕ. ಮತ್ತೆ ಫರ್ಶಿ ಕೆಲಸದ ಅಣ್ಣತಮ್ಮಂದಿರಿಬ್ಬರು. ಶೇಠ ಗಾಡಿಗೆ ಹೂಂ ಎಂದಿದ್ದ. ಬುಧವಾರ ಬೆಳಿಗ್ಗೆ ಹೊರಡಬಹುದಿತ್ತು. ಮೂರು ಸೀಟಿಗೆ ಗಾಡಿ ರೈಲಿಗೆ ಸಮ, ಅದು ಪಟ್ಟಿಯಲ್ಲೇ ಇತ್ತು. ಆದರೆ ಗ್ರಾಂಟ್ ರೋಡಿನ ಹೊಟೆಲೊಂದರಲ್ಲಿ ಹಿಟ್ಟು ರುಬ್ಬುವ ಒಬ್ಬಾತ ಮತ್ತು ಅವನ ಹೆಂಡತಿ ತಾವೂ ಬರುತ್ತೇವೆ, ಆದರೆ ರಜೆ ಗುರುವಾರದಿಂದ ಎಂದಿದ್ದರು. ಎರಡು ಸೀಟು, ಎಂಟು ನೂರು. ಐದೂ ಭರ್ತಿ.

"ಒಂದ ದಿನದ ಮಾತು," ಅಪ್ಪ ಅಂದ. "ಗುರುವಾರ ಮುಂಜಾನೆ ಆರಕ್ಕ ಬಿಟ್ರ ನಾಕಕ್ಕ ನಿಮ್ಮವ್ವನ ಮುಂದ."

"ನಿಮ್ಮ ಅವ್ವ ಇದ್ದಿದ್ರ ಸೀಟ ತುಂಬೂತನಕ ಕಾಯ್ತಿದ್ರೇನು?"

ಅಪ್ಪನ ಅವ್ವ ಸತ್ತಾಗ ಅವನು ವಿಮಾನ ನಿಲ್ದಾಣದಲ್ಲಿ ಯಾರದೋ ಹೆಸರಿನ ಹಲಗೆ ಹಿಡಿದು ನಿಂತಿದ್ದ. ಅದು ಅವ್ವನಿಗೂ ಗೊತ್ತಿತ್ತು. ಆ ಖೋಲಿಯಲ್ಲಿ ಜಗಳವಾಡಿ ಎದ್ದುಹೋಗಲು ಇನ್ನೊಂದು ಖೋಲಿ ಇರಲಿಲ್ಲ. ಅಪ್ಪ ಅಟ್ಟ ಹತ್ತಿದ. ಅವ್ವ ಅವನ ಪಾದದ ಕೆಳಗೆ ಕೂತು ನಮಗೆ ಬಡಿಸಿದಳು.

ಬುಧವಾರ ಇಡೀ ದಿನ ಚೀಲ ಅಲ್ಲೇ ಇತ್ತು. ಪಕ್ಕದ ಖೋಲಿಯ ಮರಾಠಿ ಮಾವಶಿ ಬಾಗಿಲಲ್ಲಿ ಇಣುಕಿ, "ಅಗಂ, ಅಜೂನ್ ಗೇಲೀ ನಾಹೀಸ್?" ಎಂದಳು, ಇನ್ನೂ ಹೋಗಲಿಲ್ಲವೇನೆ ಎಂದು. ಅವ್ವ "ಉದ್ಯಾ" ಎಂದಳು, ನಾಳೆ. ಮಧ್ಯಾಹ್ನ ಮಾಮಾನಿಗೆ ಫೋನು ಹಚ್ಚಿಸಿದಳು. ಆಯಿಯ ಕಿವಿಗೆ ಫೋನು ಹಿಡಿ ಎಂದಳು. ಆಚೆ ಕಡೆಯಿಂದ ಉಸಿರಿನ ಸದ್ದಷ್ಟೇ ಬಂತು, ಬಟ್ಟೆ ಎಳೆದಂತೆ. "ಯವ್ವಾ, ನಾ ಬರಾಕತ್ತೀನಿ. ಹಾದ್ಯಾಗ ಅದೀನಿ" ಎಂದಳು ಅವ್ವ. ಹೊಸ್ತಿಲ ಒಳಗೆ, ಚೀಲದ ಪಕ್ಕ ನಿಂತು, ಹಾದಿಯಲ್ಲಿದ್ದೇನೆ ಎಂದಳು. ನಾನು ಮೋರಿಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಆಗ ಹೇಳಬಹುದಿತ್ತು. ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು. ಒಂದೇ ತಾಟನ್ನು ಮೂರು ಸಲ ತೊಳೆದೆ.

ಗುರುವಾರ ಗ್ರಾಂಟ್ ರೋಡಿನ ಗಂಡಹೆಂಡತಿ ಎಂಟಕ್ಕೆ ಬಂದರು, ಆರಕ್ಕಲ್ಲ. ಜೊತೆಗೆ ತಂಗಿಯ ಮದುವೆಗೆಂದು ಒಯ್ಯುತ್ತಿದ್ದ ಮಿಕ್ಸರಿನ ಡಬ್ಬ. ಅದನ್ನು ಎಲ್ಲಿಡುವುದೆಂದು ಇನ್ನಷ್ಟು ಹೊತ್ತು ಹೋಯಿತು. ಬಸು "ಆಗೇ ಮೈ, ಆಗೇ ಮೈ" ಎಂದು, ಮುಂದಿನ ಸೀಟು ತನಗೇ ಬೇಕೆಂದು ಕುಣಿಯುತ್ತಿದ್ದ. ನನಗೆ ನಡುವಿನ ಸಾಲಿನ ಕಿಟಕಿ ಸಿಕ್ಕಿತು. ಅವ್ವ ಮುಂದೆ ಕೂತು ಚೀಲವನ್ನು ಕಾಲ ಬಳಿ ಇಟ್ಟುಕೊಂಡಳು. ಹಿಂದೆ ಹಾಕಲು ಕೊಡಲಿಲ್ಲ. ಅಂದು ಘಾಟಿನಲ್ಲಿ ಅವಳಿಗೆ ವಾಂತಿ ಬರಲಿಲ್ಲ. ಕಣ್ಣು ತೆರೆದುಕೊಂಡೇ, ಮುಂದಿನ ಲಾರಿಗಳನ್ನೆಲ್ಲ ದೂಡುವವಳಂತೆ, ರಸ್ತೆ ನೋಡುತ್ತಿದ್ದಳು. ಗಾಡಿಯಲ್ಲಿ ಒಂಬತ್ತು ಮಂದಿ ಇದ್ದಂತೆ ಮಾತೂ ಇತ್ತು. ಫರ್ಶಿಯ ತಮ್ಮ ಅಣ್ಣನ ಗೊರಕೆಯನ್ನು ಅಣಕಿಸಿದ. ಸಿದ್ದಪ್ಪ ಮುತ್ಯಾ ತಾನು ಇಪ್ಪತ್ತು ವರ್ಷ ಕಾಯ್ದ ಬಿಲ್ಡಿಂಗಿನ ಲಿಫ್ಟಿನಲ್ಲಿ ಒಮ್ಮೆಯೂ ಹತ್ತಿಲ್ಲವೆಂದ. "ಯಾಕ ಮುತ್ಯಾ?" ಅಂದರೆ, "ಮ್ಯಾಲ ಹೋಗಾಕ ಅವಸರ ಏನೈತಿ" ಅಂದ. ಎಲ್ಲ ನಕ್ಕರು. ನಾನೂ ನಕ್ಕೆ.

ಇಂದಾಪುರದ ಈಚೆ ಚಹಾಕ್ಕೆ ನಿಂತಿದ್ದೆವು. ಬಿಸಿಲು ನೆತ್ತಿಗೆ ಬಂದಿತ್ತು. ಅಪ್ಪ ಗಾಡಿಗೆ ನೀರು ತೋರಿಸುತ್ತಿದ್ದ, ಫೋನು ಡ್ಯಾಶಿನ ಮೇಲಿತ್ತು. ಅದು ಬಡಿದಾಗ ಎತ್ತಿದವಳು ಅವ್ವ. ಗುಂಡಿ ಒತ್ತಲು ಬಸುವನ್ನು ಕೇಳಿದಳು. ಕಿವಿಗಿಟ್ಟುಕೊಂಡು, "ಹೂಂ" ಎಂದಳು. ಇನ್ನೊಮ್ಮೆ "ಹೂಂ" ಎಂದಳು. ಫೋನನ್ನು ಇದ್ದಲ್ಲೇ ಇಟ್ಟು, ಬಗ್ಗಿ, ಚೀಲದ ಝಿಪ್ ಎಳೆದು, ಸೀರೆಯ ಮಡಿಕೆಯಿಂದ ಒಳಲೆ ತೆಗೆದು ಮುಷ್ಟಿಯಲ್ಲಿ ಹಿಡಿದಳು. ಆಮೇಲೆ ಅವಳ ಬಾಯಿಂದ ಬಂದ ಸದ್ದನ್ನು ನಾನು ಬರೆಯುವುದಿಲ್ಲ. ಚಹಾದ ಅಂಗಡಿಯವನು ಕೈಯಲ್ಲಿದ್ದ ಗ್ಲಾಸು ಹಾಗೇ ಹಿಡಿದು ನಿಂತ.

ಮುಂದಿನ ದಾರಿಯಲ್ಲಿ ಯಾರೂ ಏನೂ ತಿನ್ನಲಿಲ್ಲ, ನೀರೂ ಕುಡಿಯಲಿಲ್ಲ. ಅವ್ವ ಬಡಿದಿದ್ದ ರೊಟ್ಟಿಯ ಗಂಟು ಹಾಗೇ ಇತ್ತು. ಝಳಕಿಯ ಕ್ರಾಸಿನಲ್ಲಿ ಸಿದ್ದಪ್ಪ ಮುತ್ಯಾ ಅಪ್ಪನ ಭುಜ ತಟ್ಟಿದ. ಅವನ ಊರು ಅಲ್ಲಿಂದ ಇನ್ನೊಂದು ದಿಕ್ಕಿಗೆ. ಮನೆಯ ಬಾಗಿಲಿಗೆ ಎಂದು ಮಾತಾಗಿತ್ತು.

"ಇಲ್ಲೇ ಇಳಸು ತಮ್ಮಾ."

"ಮುತ್ಯಾ, ನಿನ್ನ ಕಾಲ ನೆಟ್ಟಗಿಲ್ಲ. ಟ್ರಂಕ ಐತಿ."

"ಟ್ರಂಕಿನ ಮ್ಯಾಲ ಕುಂಡ್ರತೀನಿ. ಯಾರರೆ ಬರ್ತಾರ. ನೀ ತಂಗೀನ ಮುಟ್ಟಸು."

ಉಳಿದವರೂ ಅಲ್ಲೇ ಇಳಿದರು, ಗ್ರಾಂಟ್ ರೋಡಿನವರು ಮಿಕ್ಸರಿನ ಡಬ್ಬ ಹೊತ್ತುಕೊಂಡು. ಮುತ್ಯಾ ನಾಲ್ಕು ನೂರು ಎಣಿಸಿ ಚಾಚಿದ. ಅಪ್ಪ ಕೈ ಹಿಂದೆ ಎಳೆದುಕೊಂಡ.

"ಮಣ್ಣಿಗಿ ಹೊಂಟ ಗಾಡಿ ಇದು. ಇದರ ರೊಕ್ಕಾ ಮುಟ್ಟಬಾರದು."

ಒಬ್ಬರದನ್ನೂ ಮುಟ್ಟಲಿಲ್ಲ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಐದು ಸೀಟು, ಎರಡು ಸಾವಿರ. ತಲೆ ತಾನಾಗಿಯೇ ಕಳೆಯಿತು, ಕೂಡಿಸಿತು. ಒಂದು ದಿನ ಕಾದು ತುಂಬಿಸಿದ ಗಾಡಿ ಖಾಲಿಯಾಗಿ ಊರ ಕಡೆ ತಿರುಗಿತು.

ಮಾಮಾನ ಮನೆಯ ಪಡಸಾಲೆಯಲ್ಲಿ ಆಯಿಯನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು, ಗದ್ದದ ಕೆಳಗೆ ಕಟ್ಟಿದ ಬಿಳಿ ಬಟ್ಟೆ. ಬಾಯಿ ಮುಚ್ಚಿರಲೆಂದು ಕಟ್ಟುವ ಬಟ್ಟೆ. ಅವ್ವ ಮುಂದೆ ಕೂತು ಆ ಬಟ್ಟೆಯನ್ನೇ ನೋಡಿದಳು. ಮಾಮಿ, ಹಗಲಿರುಳು ಆಯಿಯ ಸೇವೆ ಮಾಡಿದವಳು, ಅವಳನ್ನು ಹಿಡಿದುಕೊಂಡು ಅತ್ತಳು.

"ನಿನ್ನಿ ಸಂಜೀತನಕ ಬಾಗಿಲಾ ನೋಡಿದಳ ಅಕ್ಕಾ. 'ಬಂದಳೇನು, ಬಂದಳೇನು' ಅಂತ. ಹಾದ್ಯಾಗ ಅದಾಳ ಅಂತ ಹೇಳಿದ್ವಿ. ಮುಂಜಾನೆ ನಾ ನೀರ ಹಾಕಿದ್ರ ಕಟಬಾಯಿಂದ ಹೊರಗ ಬಂತು."

ಅವ್ವ ಒಳಲೆಯಲ್ಲಿ ನೀರು ತುಂಬಿದಳು. ಮುಚ್ಚಿದ ತುಟಿಗಳಿಗೆ ಅದರ ಮೂತಿ ಹಚ್ಚಿ ಬಗ್ಗಿಸಿದಳು. ನೀರು ಗದ್ದದ ಬಟ್ಟೆಗೆ ಇಳಿಯಿತು, ಬಟ್ಟೆ ಒದ್ದೆಯಾಯಿತು. ಮತ್ತೆ ತುಂಬಿದಳು. ಮೂರನೆಯ ಸಲಕ್ಕೆ ಮಾಮಾ ಅವಳ ಮುಂಗೈ ಹಿಡಿದ. "ಸಾಕಕ್ಕಾ. ಹೊತ್ತ ಮುಳಗತೈತಿ." ಅಪ್ಪ ಅಂಗಳದಲ್ಲಿ ಗಾಡಿಯ ಬಾಗಿಲಿಗೆ ಆತು ನಿಂತಿದ್ದ. ಯಾರೋ ಕರೆದರೂ ಒಳಗೆ ಬರಲಿಲ್ಲ.

ಈಗ ನನ್ನ ಹೊಟ್ಟೆಪಾಡು ಇಂಥ ಪಟ್ಟಿಗಳಿಂದಲೇ ನಡೆಯುತ್ತದೆ. ಕಾಲೇಜು, ವಿಶ್ವವಿದ್ಯಾಲಯ ಎಲ್ಲ ಮುಗಿಸಿ, ಯಾವುದರ ಬದಲು ಯಾವುದು ಅಗ್ಗ ಎಂದು ಅಂಕಿಗಳಲ್ಲಿ ತೋರಿಸುವ ಕಚೇರಿಯಲ್ಲಿ ಕೂತಿದ್ದೇನೆ. ನಾನು ಕಡಿಮೆ ಮಾತಿನವಳೆಂದು, ಒಂದು ಅಂಕಿಯನ್ನು ನಾಲ್ಕು ಸಲ ನೋಡುತ್ತೇನೆಂದು ಜೊತೆಯವರು ನಗುತ್ತಾರೆ. ಎದುರು ಕೂತವರು ಕೇಳಿದ ಪ್ರಶ್ನೆ ಯಾವುದು, ನಾನು ಉತ್ತರಿಸಿದ ಪ್ರಶ್ನೆ ಯಾವುದು ಎಂದು ತಾಳೆ ನೋಡದೆ ನಾನು ಯಾವ ಹಾಳೆಯನ್ನೂ ಕೈಬಿಡುವುದಿಲ್ಲ. ಅದು ಶಿಸ್ತಲ್ಲ, ಅಂಜಿಕೆ.

ಆಯಿಯ ತಿಂಗಳ ಕಾರ್ಯಕ್ಕೆ ಅವ್ವ ಒಬ್ಬಳೇ ಹೋದಳು. ಅಪ್ಪ ಗಾಡಿಯ ಮಾತನ್ನೇ ಎತ್ತಲಿಲ್ಲ. "ಕಲ್ಯಾಣತನಕ ಬಂದ ಕುಂಡರಿಸಿ ಬರ್ಲೇನು?" ಎಂದ. "ಬ್ಯಾಡ" ಎಂದಳು. ಟಿಕೇಟಿಗೆ ರೊಕ್ಕ ಕೊಡಹೋದ. "ನನ್ನ ಹತ್ರ ಐತಿ" ಎಂದಳು. ಅದೇ ನೀಲಿ ಚೀಲ ಎತ್ತಿಕೊಂಡು ಗುಡ್ಡ ಇಳಿದು ಭಾಂಡುಪ್ ಸ್ಟೇಶನ್ನಿನ ಕಡೆ ನಡೆದಳು. ಆ ನಾಲ್ಕು ದಿನ ನಾನು ಅನ್ನ ಮಾಡಿದೆ, ಬಸುವಿಗೆ ಉಣಿಸಿದೆ, ಸಂಜೆ ಚಿಲಕ ಹಾಕಿಕೊಂಡೆ. ಏನೂ ಆಗಲಿಲ್ಲ. ಅಷ್ಟೊಂದು ಅಂಜಿದ್ದು ಇದಕ್ಕೇ ಎಂದು ಗೊತ್ತಾಯಿತು, ಇಷ್ಟಕ್ಕೇ ಎಂದು.

ಐದನೆಯ ದಿನ ಬೆಳಿಗ್ಗೆ ಬಂದಳು. ಕಾಲು ತೊಳೆದಳು. ಒಲೆ ಹಚ್ಚಿ ಹಿಟ್ಟಿಗೆ ನೀರು ಕಾಯಿಸಲು ಇಟ್ಟಳು. ಬಸು ಅವಳ ಬೆನ್ನಿಗೆ ಜೋತುಬಿದ್ದಿದ್ದ. ಅಪ್ಪ ಅಟ್ಟದ ಮೇಲಿದ್ದ. ನಿದ್ದೆಯಲ್ಲಿದ್ದನೋ ಇಲ್ಲವೋ ಗೊತ್ತಿಲ್ಲ, ಪಾದಗಳು ಅಲುಗಲಿಲ್ಲ. ಅವ್ವ ಸೊಂಟದ ಚಂಚಿ ಬಿಚ್ಚಿ, ಮಡಚಿ ಮಡಚಿ ಮೆತ್ತಗಾಗಿದ್ದ ಒಂದು ಟಿಕೇಟು ತೆಗೆದು ನನ್ನ ಕೈಯಲ್ಲಿಟ್ಟಳು.

"ಓದ."

"ಭಾಂಡುಪ್... ಸೊಲ್ಲಾಪುರ."

"ಎಷ್ಟ ಅಂತ ಬರದೈತಿ, ಅದನ್ನ ಓದ."

"ನೂರಾ ಏಳು."

"ಇನ್ನೊಮ್ಮಿ ಓದ."

"ನೂರಾ ಏಳು."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಅತ್ತು ಕಾಲು ಹಿಡಿಯುತ್ತಿದ್ದೆ. ದೂರದ ಬೋರ್ಡು ಓದಲು ಯತ್ನಿಸುವವರಂತೆ ನನ್ನ ಮುಖವನ್ನು ನೋಡಿದಳು, ಅಷ್ಟೇ. ಆಮೇಲೆ ಕಪಾಟಿನ ಮೇಲಿಂದ ನನ್ನ ಗಣಿತದ ವಹಿಯನ್ನು ತಾನೇ ತೆಗೆದು ಕೊನೆಯ ಹಾಳೆ ತೆರೆದಳು. ರೈಲು, ಗಾಡಿ, ನಡುವಿನ ಗೆರೆ.

"ಬರಕೋ. ಒಬ್ಬಾಕಿಗ ಎಷ್ಟ ಅಂತ."

ಅಂಚಿನಲ್ಲಿ ಜಾಗ ಕಡಿಮೆ ಇತ್ತು. ಇನ್ನೊಂದು ಗೆರೆ ಎಳೆದೆ. ಅದರ ಕೆಳಗೆ ನೂರಾ ಏಳು ಎಂದು ಬರೆದೆ. ಏಳರ ಬಾಲ ಮುಗಿಯುವವರೆಗೆ ಅವ್ವ ಬಗ್ಗಿ ನೋಡಿದಳು. ನೀರು ಕುದಿಯುತ್ತಿತ್ತು. ಟಿಕೇಟನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡು ಮತ್ತೆ ಮಡಚಿ, ಚಂಚಿಯಲ್ಲಿಟ್ಟು, ದಾರ ಎಳೆದಳು.

"ಹೂಂ," ಅಂದಳು. "ಕೈ ತೊಳಕೊಂಡ ಬಾ. ಬಿಸಿ ರೊಟ್ಟಿ ಹಾಕತೀನಿ."